ಊರಿನ ತಂಡ, ಉಳ್ಳವರ ಒಡೆತನ

2011ರ ಏಪ್ರಿಲ್ 13ರ ರಾತ್ರಿ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯವೊಂದು ಆಗತಾನೇ ಮುಗಿದಿತ್ತು. ಊರಿನ ತಂಡವಾದ 'ಕಿಂಗ್ಸ್', ಲಾಸ್ ಏಂಜಲೀಸ್‌ನ 'ಲೇಕರ್ಸ್' ಎದುರು ಹೆಚ್ಚುವರಿ ಅವಧಿಯಲ್ಲಿ 108-116 ಅಂಕಗಳಿಂದ ಸೋತಿತ್ತು. ತಮ್ಮ ತಂಡ ಸೋತಾಗ ಪ್ರೇಕ್ಷಕರು ಬೇಗನೆ ಮನೆ ಸೇರುವುದು ವಾಡಿಕೆ. ಅಂದು ಮಾತ್ರ ಬಹಳಷ್ಟು ಜನ ಕುರ್ಚಿ ಬಿಟ್ಟು ಏಳಲಿಲ್ಲ. ತಂಡದ ಮಾಲೀಕರಾದ ಮಲೂಫ್ ಕುಟುಂಬದವರು ಅದನ್ನು ಆನಹೈಮ್ ನಗರಕ್ಕೆ ಒಯ್ಯಲು ಮಾತುಕತೆ ನಡೆಸಿದ್ದರು. ಊರಿನಲ್ಲಿ ಇದೇ ಕೊನೆಯ ಪಂದ್ಯ ಎಂದು ಜನ ನಂಬಿದ್ದರು.

ಆ ತಂಡ ಇಂದಿಗೂ ಸ್ಯಾಕ್ರಮೆಂಟೊದಲ್ಲೇ ಇದೆ. ಆದರೆ ಅದಕ್ಕೂ ಮೂರು ವರ್ಷ ಮೊದಲು ಇಂಥದೇ ಹೋರಾಟ ನಡೆಸಿದ ಸಿಯಾಟಲ್ ನಗರ ತನ್ನ ತಂಡವನ್ನು ಕಳೆದುಕೊಂಡಿತ್ತು. ಒಂದೂರು ಗೆದ್ದು ಇನ್ನೊಂದೂರು ಸೋತದ್ದು ಏಕೆ? ಅಭಿಮಾನಿಗಳ ಪ್ರೀತಿಯಲ್ಲಿ ಹೆಚ್ಚುಕಡಿಮೆ ಇತ್ತೆಂದಲ್ಲ.

ತಂಡ ಯಾರ ಸ್ವತ್ತು?

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ಇರುವುದು 30 ತಂಡಗಳು. ಯೂರೋಪಿನ ಫುಟ್‌ಬಾಲ್‌ನಲ್ಲಿ ಸಣ್ಣ ಊರಿನ ಕ್ಲಬ್ಬೂ ಗೆಲ್ಲುತ್ತ ಹೋದರೆ ಮೇಲಿನ ದರ್ಜೆಗೆ ಏರಬಹುದು. ಇಲ್ಲಿ ಆ ದಾರಿ ಇಲ್ಲ. ತಂಡ ಬೇಕೆನ್ನುವ ನಗರಗಳು ಹಲವು, ಇರುವ ತಂಡಗಳು ಕೆಲವೇ. ಪ್ರತಿ ತಂಡವೂ ಖಾಸಗಿ ಆಸ್ತಿ. ಲೀಗಿನ ಇತರ ಮಾಲೀಕರು ಬಹುಮತದಿಂದ ಒಪ್ಪಿದರೆ ಅದನ್ನು ಬೇರೆ ಊರಿಗೆ ಒಯ್ಯಬಹುದು. ಈ ಅಭಾವವೇ ಮಾಲೀಕರ ಕೈಯ ಆಯುಧ. 'ಹೊಸ ಕ್ರೀಡಾಂಗಣ ಕಟ್ಟಿಸಿಕೊಡಿ, ಇಲ್ಲವಾದರೆ ಕೊಡುವ ಊರಿಗೆ ಹೋಗುತ್ತೇವೆ' ಎಂಬ ಮಾತನ್ನು ಅಮೆರಿಕದ ಹಲವು ನಗರಗಳು ಕೇಳಿವೆ.

ಇದಕ್ಕೆ ಅಪವಾದ ಅಮೆರಿಕನ್ ಫುಟ್‌ಬಾಲ್‌ನ 'ಗ್ರೀನ್ ಬೇ ಪ್ಯಾಕರ್ಸ್'. ಅದರ ಷೇರುಗಳು ಲಕ್ಷಾಂತರ ಅಭಿಮಾನಿಗಳ ಕೈಯಲ್ಲಿ ಹಂಚಿಹೋಗಿರುವುದರಿಂದ ಆ ಪುಟ್ಟ ಊರಿಗೆ ತಂಡ ಕಳೆದುಕೊಳ್ಳುವ ಭಯವಿಲ್ಲ. ಆದರೆ ಬೇರೆ ತಂಡಗಳು ಹಾಗೆ ಮಾಡಲು ಆ ಲೀಗಿನ ಇಂದಿನ ನಿಯಮಗಳು ಬಿಡುವುದಿಲ್ಲ.

ಸಿಯಾಟಲ್ ಸೋತ ಬಗೆ

ಸಿಯಾಟಲ್‌ನ 'ಸೂಪರ್‌ಸಾನಿಕ್ಸ್' ತಂಡ ಹುಟ್ಟಿದ್ದು 1967ರಲ್ಲಿ. ವಿಮಾನ ತಯಾರಿಕೆಯ ಆ ಊರಿಗೆ ಹೆಸರು ಚೆನ್ನಾಗಿಯೇ ಒಪ್ಪಿತ್ತು. 1979ರಲ್ಲಿ ತಂಡ ಚಾಂಪಿಯನ್ ಪಟ್ಟವನ್ನೂ ಗೆದ್ದಿತು. 2001ರಲ್ಲಿ ಸ್ಟಾರ್‌ಬಕ್ಸ್ ಕಾಫಿ ಕಂಪೆನಿಯ ಹೋವರ್ಡ್ ಷುಲ್ಟ್ಸ್ ನೇತೃತ್ವದ ಬಳಗದ ಪಾಲಾದ ತಂಡ, 2006ರಲ್ಲಿ ಒಕ್ಲಹೋಮ ಸಿಟಿಯ ಕ್ಲೇ ಬೆನೆಟ್ ಮತ್ತು ಸಂಗಡಿಗರಿಗೆ 35 ಕೋಟಿ ಡಾಲರಿಗೆ ಮಾರಾಟವಾಯಿತು. ಕತ್ರೀನಾ ಚಂಡಮಾರುತದಿಂದ ನೆಲೆ ತಪ್ಪಿದ ನ್ಯೂ ಆರ್ಲಿಯನ್ಸ್ ತಂಡ ಆಗ ಒಕ್ಲಹೋಮ ಸಿಟಿಯಲ್ಲಿ ಆಡುತ್ತಿತ್ತು. ಅದಕ್ಕೆ ಸೇರುತ್ತಿದ್ದ ಜನಸಂದಣಿ, ಈ ಊರು ಸ್ವಂತ ತಂಡವನ್ನು ಸಾಕಬಲ್ಲದು ಎಂದು ತೋರಿಸಿಕೊಟ್ಟಿತ್ತು.

ಹೊಸ ಮಾಲೀಕರು ಸಿಯಾಟಲ್ ಬಳಿಯ ರೆಂಟನ್‌ನಲ್ಲಿ 50 ಕೋಟಿ ಡಾಲರ್ ವೆಚ್ಚದ ಕ್ರೀಡಾಂಗಣ ಬೇಕೆಂದರು. ರಾಜ್ಯ ಶಾಸನಸಭೆ ಹಣ ಕೊಡಲಿಲ್ಲ. ಅಷ್ಟರಲ್ಲಾಗಲೇ, 2006ರ ನವೆಂಬರಿನಲ್ಲಿ, ವೃತ್ತಿಪರ ತಂಡಗಳ ಕ್ರೀಡಾಂಗಣಕ್ಕೆ ಸಾರ್ವಜನಿಕ ಹಣ ಹಾಕಿದರೆ ನಗರಕ್ಕೆ ತಕ್ಕ ಪ್ರತಿಫಲ ಬರಲೇಬೇಕು ಎಂಬ ನಿಯಮವನ್ನು ಸಿಯಾಟಲ್‌ನ ಮತದಾರರು ಭಾರಿ ಬಹುಮತದಿಂದ ಅಂಗೀಕರಿಸಿದ್ದರು. ಶ್ರೀಮಂತರ ತಂಡಕ್ಕೆ ತೆರಿಗೆದಾರ ಏಕೆ ಮನೆ ಕಟ್ಟಿಸಬೇಕು ಎಂಬುದು ಅವರ ಪ್ರಶ್ನೆ. ಅದರಲ್ಲಿ ನ್ಯಾಯವಿತ್ತು. ಆದರೆ ಮಾಲೀಕರಿಗೆ ಊರು ಬಿಡಲು ಅದೇ ನೆಪವೂ ಆಯಿತು.

ಅಭಿಮಾನಿಗಳು 'ಸೇವ್ ಅವರ್ ಸಾನಿಕ್ಸ್' ಎಂಬ ಸಂಘಟನೆ ಕಟ್ಟಿಕೊಂಡರು. 2007ರಲ್ಲಿ ಬೆನೆಟ್ ಅವರ ಪಾಲುದಾರರೊಬ್ಬರು, ತಾವು ತಂಡವನ್ನು ಕೊಂಡದ್ದು ಸಿಯಾಟಲ್‌ನಲ್ಲಿ ಇಟ್ಟುಕೊಳ್ಳಲು ಅಲ್ಲ ಎಂಬರ್ಥದ ಮಾತನ್ನು ಪತ್ರಿಕೆಯ ಮುಂದೆ ಆಡಿದರು. ಎನ್‌ಬಿಎ ಅವರಿಗೆ 2.5 ಲಕ್ಷ ಡಾಲರ್ ದಂಡ ಹಾಕಿತೇ ಹೊರತು ತಂಡವನ್ನು ತಡೆಯಲಿಲ್ಲ. 2008ರ ಏಪ್ರಿಲಿನಲ್ಲಿ ಮಾಲೀಕರ ಮಂಡಲಿ ಸ್ಥಳಾಂತರಕ್ಕೆ 28-2 ಮತಗಳಿಂದ ಒಪ್ಪಿಗೆ ಕೊಟ್ಟಿತು.

ನಗರದ ಕೈಯಲ್ಲಿ ಉಳಿದಿದ್ದ ಆಸರೆ ಒಂದೇ: ಹಳೆಯ ಕ್ರೀಡಾಂಗಣದ ಗುತ್ತಿಗೆ 2010ರವರೆಗೆ ಇತ್ತು. ನಗರ ನ್ಯಾಯಾಲಯದ ಮೆಟ್ಟಿಲೇರಿತು. ಆದರೆ ತೀರ್ಪು ಬರಬೇಕಿದ್ದ 2008ರ ಜುಲೈ 2ರಂದೇ ಎರಡೂ ಕಡೆಯವರು ರಾಜಿಯಾದರು. ನಗರಕ್ಕೆ 4.5 ಕೋಟಿ ಡಾಲರ್ ಸಿಕ್ಕಿತು. ತಂಡದ ಹೆಸರು, ಬಣ್ಣಗಳು ಸಿಯಾಟಲ್‌ಗೇ ಉಳಿದವು. ಆಟಗಾರರು ಒಕ್ಲಹೋಮಕ್ಕೆ ಹೋಗಿ 'ಥಂಡರ್' ಎಂಬ ಹೊಸ ಹೆಸರಿನಲ್ಲಿ ಆಡತೊಡಗಿದರು.

ಸ್ಯಾಕ್ರಮೆಂಟೊ ಉಳಿಸಿಕೊಂಡ ಬಗೆ

ಸ್ಯಾಕ್ರಮೆಂಟೊಗೆ ಕಿಂಗ್ಸ್ ಬಂದದ್ದೂ ವಲಸೆಯಿಂದಲೇ. ರಾಚೆಸ್ಟರ್‌ನಲ್ಲಿ ಆರಂಭವಾದ ತಂಡ ಸಿನ್ಸಿನಾಟಿಗೆ, ಅಲ್ಲಿಂದ ಕಾನ್ಸಾಸ್ ಸಿಟಿಗೆ ಹೋಗಿ, 1985ರಲ್ಲಿ ಇಲ್ಲಿಗೆ ಬಂತು. ಅಲ್ಲಿಂದ 1997ರವರೆಗೆ ಊರಿನಲ್ಲಿ ನಡೆದ ಸತತ 497 ಪಂದ್ಯಗಳ ಟಿಕೆಟುಗಳು ಪೂರ್ತಿ ಮಾರಾಟವಾದವು. ಎದುರಾಳಿ ತರಬೇತುದಾರರೊಬ್ಬರು ಇದನ್ನು ದನಕಾಯುವವರ ಊರು ಎಂಬಂತೆ ಹಂಗಿಸಿದಾಗ, ಪ್ರೇಕ್ಷಕರು ಹಸುವಿನ ಕೊರಳ ಗಂಟೆಗಳನ್ನೇ ತಂದು ಬಾರಿಸಿ ಉತ್ತರ ಕೊಟ್ಟರು. ಇಷ್ಟಾದರೂ 2011ರಲ್ಲಿ ತಂಡ ಹೊರಟು ನಿಂತಿತು.

ವ್ಯತ್ಯಾಸ ಮಾಡಿದ್ದು ನಗರಸಭೆ. ಆಗಿನ ಮೇಯರ್ ಕೆವಿನ್ ಜಾನ್ಸನ್ ಸ್ವತಃ ಎನ್‌ಬಿಎ ಆಟಗಾರರಾಗಿದ್ದವರು. ಸ್ಥಳೀಯ ವ್ಯಾಪಾರಸ್ಥರಿಂದ ಪ್ರಾಯೋಜಕತ್ವದ ಭರವಸೆ ಪಡೆದು ಅವರು ಮಾಲೀಕರ ಮಂಡಲಿಯ ಮುಂದೆ ಹೋಗಿ ಕಾಲಾವಕಾಶ ಕೇಳಿದರು. ಆನಹೈಮ್ ಯೋಜನೆ ನಿಂತಿತು. 2012ರಲ್ಲಿ ಹೊಸ ಕ್ರೀಡಾಂಗಣದ ಒಪ್ಪಂದ ಮುರಿದುಬಿತ್ತು. 2013ರ ಜನವರಿಯಲ್ಲಿ ಮಲೂಫ್ ಕುಟುಂಬ ತಂಡವನ್ನು ಮಾರಲು ಒಪ್ಪಿತು. ಕೊಳ್ಳಲು ಬಂದವರು ಮತ್ತಾರೂ ಅಲ್ಲ, ಸಿಯಾಟಲ್‌ನವರು! ಐದು ವರ್ಷಗಳ ಹಿಂದೆ ತಾನು ಉಂಡ ನೋವನ್ನೇ ಆ ಊರು ಇನ್ನೊಂದು ಊರಿಗೆ ಉಣಿಸಲು ಹೊರಟಂತಾಗಿತ್ತು.

ಈ ಬಾರಿ ಮೇಯರ್ ಎದುರು ಖರೀದಿದಾರರನ್ನೇ ಹುಡುಕಿ ತಂದರು. ಅವರ ಮುಂದಾಳು ವಿವೇಕ್ ರಣದಿವೆ, ಮುಂಬೈಯಲ್ಲಿ ಬೆಳೆದು ಅಮೆರಿಕದಲ್ಲಿ ಸಾಫ್ಟ್‌ವೇರ್ ಕಂಪೆನಿ ಕಟ್ಟಿದವರು. ಮಾರ್ಚ್ 26ರಂದು ನಗರಸಭೆ ಕ್ರೀಡಾಂಗಣ ಯೋಜನೆಗೆ 7-2 ಮತಗಳಿಂದ ಒಪ್ಪಿಗೆ ನೀಡಿತು. ಸಭೆಗಳಿಗೆ ತಪ್ಪದೆ ಬಂದು ಕುಳಿತ ಅಭಿಮಾನಿಗಳ ಒತ್ತಡ ಫಲ ಕೊಟ್ಟದ್ದು ಇಲ್ಲಿ. ಮೇ 15ರಂದು ಮಾಲೀಕರ ಮಂಡಲಿ ಸ್ಥಳಾಂತರವನ್ನು 22-8 ಮತಗಳಿಂದ ತಿರಸ್ಕರಿಸಿತು. ಸಿಯಾಟಲ್‌ನವರು ಹೆಚ್ಚಿನ ಬೆಲೆ ಕೊಡಲು ಸಿದ್ಧರಿದ್ದರೂ ತಂಡ ಉಳಿಯಿತು. ರಣದಿವೆ, ಎನ್‌ಬಿಎ ತಂಡವೊಂದರ ಬಹುಪಾಲು ಒಡೆತನ ಪಡೆದ ಮೊದಲ ಭಾರತ ಸಂಜಾತರಾದರು. ಭಾರತದ ನೆಲದಲ್ಲಿ ಮೊದಲ ಬಾರಿಗೆ, 2019ರ ಅಕ್ಟೋಬರಿನಲ್ಲಿ ಮುಂಬೈಯಲ್ಲಿ, ಎನ್‌ಬಿಎ ಪಂದ್ಯಗಳು ನಡೆದಾಗ ಆಡಿದ ಎರಡು ತಂಡಗಳಲ್ಲಿ ಕಿಂಗ್ಸ್ ಒಂದು.

ತೆತ್ತ ಬೆಲೆ

ಗೆಲುವು ಪುಕ್ಕಟೆಯಾಗಿ ಬರಲಿಲ್ಲ. 2016ರಲ್ಲಿ ತೆರೆದ ಹೊಸ ಕ್ರೀಡಾಂಗಣಕ್ಕೆ ನಗರದ ಪಾಲು 25 ಕೋಟಿ ಡಾಲರಿಗೂ ಹೆಚ್ಚು. ಈ ಬಗ್ಗೆ ಜನರ ಮತ ಕೇಳಬೇಕೆಂದು ಕೆಲವು ನಾಗರಿಕರು ಸಹಿ ಸಂಗ್ರಹಿಸಿದ್ದರು. ಅರ್ಜಿಗಳಲ್ಲಿ ಲೋಪವಿದೆ ಎಂಬ ಕಾರಣಕ್ಕೆ 2014ರಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಸಿಯಾಟಲ್‌ನಲ್ಲಿ ಮತದಾರರು ಮೊದಲೇ ಷರತ್ತು ಹಾಕಿದ್ದರು, ತಂಡ ಹೋಯಿತು. ಸ್ಯಾಕ್ರಮೆಂಟೊದಲ್ಲಿ ಮತದಾರರನ್ನು ಕೇಳಲಿಲ್ಲ, ತಂಡ ಉಳಿಯಿತು. ಯಾವುದು ಸರಿ ಎಂಬ ವಾದ ಇನ್ನೂ ಮುಗಿದಿಲ್ಲ. ಉಳಿದ ತಂಡ ಆಟದಲ್ಲೇನೂ ಮಿಂಚಲಿಲ್ಲ. 2006ರ ನಂತರ ಪ್ಲೇ-ಆಫ್ ಹಂತ ತಲುಪಲು ಅದು 2023ರವರೆಗೆ ಕಾಯಬೇಕಾಯಿತು. ಇತ್ತ ಒಕ್ಲಹೋಮಕ್ಕೆ ಹೋದ ತಂಡ 2025ರಲ್ಲಿ ಚಾಂಪಿಯನ್ ಆಯಿತು.

ಅಭಿಮಾನಿಗಳ ಕೂಗಿಗೆ ಮಾಲೀಕರ ಮನಸ್ಸು ಕರಗಿದ್ದು ಎರಡೂ ಊರುಗಳಲ್ಲಿ ಕಾಣುವುದಿಲ್ಲ. ಆ ಕೂಗು ನಗರಸಭೆಯ ನಿರ್ಣಯವಾಗಿ, ಬದಲಿ ಖರೀದಿದಾರರ ಹಣವಾಗಿ, ಕ್ರೀಡಾಂಗಣದ ಕರಾರಾಗಿ ಮಾರ್ಪಟ್ಟಾಗ ಮಾತ್ರ ಅದಕ್ಕೆ ಬೆಲೆ ಬಂತು. ಸ್ಯಾಕ್ರಮೆಂಟೊದ ಆ ಕರಾರಿನ ಅವಧಿ 35 ವರ್ಷ. ತಂಡ ಯಾರದು ಎಂಬ ಪ್ರಶ್ನೆಯನ್ನು ಆ ಊರು ಗೆದ್ದಿಲ್ಲ, ಮುಂದಿನ ತಲೆಮಾರಿಗೆ ಮುಂದೂಡಿದೆ, ಅಷ್ಟೆ.