ಒಪ್ಪಂದದ ಮಕ್ಕಳು

1964ರ ಅಕ್ಟೋಬರ್ 30ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ, ಸಿಲೋನಿನಲ್ಲಿದ್ದ ಭಾರತೀಯ ಮೂಲದ 5,25,000 ಜನರನ್ನು ಭಾರತವೂ 3,00,000 ಜನರನ್ನು ಸಿಲೋನೂ ಪೌರರಾಗಿ ಸ್ವೀಕರಿಸಬೇಕಾಗಿತ್ತು. ಉಳಿದ 1,50,000 ಮಂದಿಯನ್ನು 1974ರಲ್ಲಿ ಎರಡೂ ಸರಕಾರಗಳು ಸಮಪಾಲಾಗಿ ಹಂಚಿಕೊಂಡವು. ಮನುಷ್ಯರ ವಿಷಯದಲ್ಲಿ 'ಹಂಚಿಕೊಂಡವು' ಎಂದು ಬರೆಯಬೇಕಾಗಿ ಬಂದಿರುವುದೇ ಆ ಕಾಲದ ಚರಿತ್ರೆ.

ಹೀಗೆ ಬಂದ ತಮಿಳು ಕುಟುಂಬಗಳಲ್ಲಿ ಕೆಲವು ಪುತ್ತೂರು, ಸುಳ್ಯ ಮತ್ತು ಇಂದಿನ ಕಡಬ ಭಾಗದ ಸರಕಾರಿ ರಬ್ಬರ್ ತೋಟಗಳಲ್ಲಿ ನೆಲೆಗೊಂಡವು. ಹೆತ್ತವರು ನಸುಕಿನಲ್ಲೇ ಹಾಲು ತೆಗೆಯಲು ಹೊರಡುವರು. ಮಕ್ಕಳಿಗೆ ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು. ಭಾಷೆಯ ತೊಡಕನ್ನು ಮಕ್ಕಳು ತಾವೇ ದಾಟಿದರು (ಮಕ್ಕಳಿಗೆ ಅದು ಸಾಧ್ಯ). ಆದರೆ ಕಾಗದದ ತೊಡಕು ಅವರ ಕೈಮೀರಿದ್ದು. ಇವರಲ್ಲಿ ಅನೇಕರು ದಲಿತ ಮೂಲದವರು. ಪರಿಶಿಷ್ಟ ಜಾತಿಗಳ ಪಟ್ಟಿಯಾದರೋ ರಾಜ್ಯವಾರು. ಮೂಲ ತಮಿಳುನಾಡೆಂಬ ಕಾರಣಕ್ಕೆ ಜಾತಿ ಪ್ರಮಾಣಪತ್ರ ಪಡೆಯುವುದು ಬಹುಕಾಲ ದುಸ್ತರವಾಯಿತು. ಅದರೊಡನೆ ವಿದ್ಯಾರ್ಥಿವೇತನವೂ ಮೀಸಲು ಸ್ಥಾನವೂ ಕೈತಪ್ಪಿದವು.

ಧರ್ಮೋಪದೇಶಕಾಂಡದ 24ನೆಯ ಅಧ್ಯಾಯವು ಪರದೇಶಿಯನ್ನೂ ಅನಾಥನನ್ನೂ ಜೊತೆಯಾಗಿ ಹೆಸರಿಸಿ, ಅವರಿಗೆ ಸಲ್ಲಬೇಕಾದ ನ್ಯಾಯವನ್ನು ತಪ್ಪಿಸಕೂಡದೆಂದು ವಿಧಿಸುತ್ತದೆ. ದಾನದ ಮಾತು ಅಲ್ಲಿ ಆಮೇಲೆ ಬರುತ್ತದೆ. ಪ್ರತಿ ಜೂನ್‌ನಲ್ಲಿ ಪುಸ್ತಕ, ಕೊಡೆ ಹಂಚುವ ಧರ್ಮಕೇಂದ್ರಗಳು, ಆ ಮಗುವಿನ ತಂದೆಯೊಡನೆ ತಾಲೂಕು ಕಚೇರಿಯ ಮೆಟ್ಟಿಲನ್ನೂ ಹತ್ತಬೇಕಾಗಿದೆ.