ಕಾಂಗ್ರೆಸ್ ಗಿಡದ ಜಾತಕ

ಸೇವಂತಿಗೆ ಪಾತಿಯಲ್ಲಿ ನೀವು ನೆಡದ ಸೇವಂತಿಗೆಯೊಂದು ಚಿಗುರಿದೆಯಾ? ಎಲೆ ಕ್ಯಾರೆಟ್ ಸೊಪ್ಪಿನ ಹಾಗೆ ಸೀಳುಸೀಳಾಗಿ, ನೆಲಕ್ಕೆ ಅಂಟಿಕೊಂಡು ಚಕ್ರದಂತೆ ಹರಡಿದ್ದರೆ ಅನುಮಾನ ಪಡಿ. ಆಮೇಲೆ ನಡುವಿನಿಂದ ಕಾಂಡ ಎದ್ದು, ತುದಿಯಲ್ಲಿ ಸಬ್ಬಕ್ಕಿಯಂಥ ಬಿಳಿ ಹೂ ಬಂತೋ, ಮುಗೀತು. ಅದು ಪಾರ್ಥೇನಿಯಂ. ನಮ್ಮೂರಲ್ಲಿ ಕಾಂಗ್ರೆಸ್ ಗಿಡ.

ಅಮೆರಿಕದ ಪಿ.ಎಲ್. 480 ಗೋಧಿ ಜೊತೆ ಬಂತು ಅಂತ ಎಲ್ಲರೂ ಹೇಳ್ತಾರೆ. ತಾರೀಖು ಜೋಡಿಸಿ ನೋಡಿದರೆ ಕಥೆ ಕುಂಟುತ್ತೆ. ಪುಣೆಯಲ್ಲಿ ಈ ಗಿಡ ಕಣ್ಣಿಗೆ ಬಿದ್ದದ್ದು 1955ರಲ್ಲಿ. ಆ ಗೋಧಿಯ ಒಪ್ಪಂದಕ್ಕೆ ಭಾರತ ಸಹಿ ಹಾಕಿದ್ದು 1956ರ ಆಗಸ್ಟ್‌ನಲ್ಲಿ. 1951ರಲ್ಲಿ ಸಾಲದ ಗೋಧಿ ಬಂದಿತ್ತಲ್ಲ ಅನ್ನಬಹುದು, ಸರಿ. ಆದರೆ ಕಲ್ಕತ್ತೆಯ ಸಸ್ಯೋದ್ಯಾನದ ಪಟ್ಟಿಯಲ್ಲಿ ವಿಲಿಯಂ ರಾಕ್ಸ್‌ಬರ್ಗ್ 1814ರಲ್ಲೇ ಇದರ ಹೆಸರು ಸೇರಿಸಿದ್ದ! ಊರೂರು ಹಬ್ಬಿದ ಬೀಜ ಧಾನ್ಯದ ಜೊತೆಗೇ ಬಂದಿರಬಹುದು. ಹಾಗಂತ ಆರೋಪಪಟ್ಟಿಯಲ್ಲಿ ಪಿ.ಎಲ್. 480 ಒಂದನ್ನೇ ಬರೆಯೋದು ನನಗೆ ಒಪ್ಪಿಗೆಯಿಲ್ಲ.

ಇದನ್ನು ತಿನ್ನಲಿ ಅಂತ 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೋದ ಜೀರುಂಡೆ ತಂದು ಬಿಟ್ಟರು. ಮಳೆಗಾಲದಲ್ಲಿ ಅದು ಎಲೆಯನ್ನೆಲ್ಲ ಬೋಳಿಸುತ್ತೆ. ಮಳೆ ಹೋದಮೇಲೆ ಮಣ್ಣೊಳಗೆ ಮಲಗಿಬಿಡುತ್ತೆ. ಗಿಡಕ್ಕೆ ಅಂಥ ರಜೆ ಇಲ್ಲ, ಒಂದೊಂದೂ ಸಾವಿರಾರು ಬೀಜ ಉದುರಿಸುತ್ತೆ.

ಹಾಗಾಗಿ ಹೂ ಬಿಡೋಕೆ ಮುಂಚೆ, ಮಣ್ಣು ಹಸಿಯಿದ್ದಾಗ ಬೇರುಸಮೇತ ಕೀಳಿ. ಬರಿಗೈಲಿ ಮಾತ್ರ ಬೇಡ, ಕೆಲವರಿಗೆ ಚರ್ಮವೆಲ್ಲ ತುರಿಕೆಯೆದ್ದು ತಿಂಗಳುಗಟ್ಟಲೆ ಕಾಡುತ್ತೆ.