ಟೂರಿಂಗ್ ಕಾರು, ರೇಡಿಯೊ ನಿಯಂತ್ರಿತ: ವಿನ್ಯಾಸ ಸಾಮ್ಯ

ರಸ್ತೆ ಕಾರಿನ 1:10 ಅಳತೆಯ, ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಸ್ಪರ್ಧಾ ಮಾದರಿ. ಜಪಾನಿನ ತಮಿಯಾ, ಯೊಕೊಮೊ, ಸ್ಲೊವಾಕಿಯಾದ ಎಕ್ಸ್‌ರೇ, ಇಂಗ್ಲೆಂಡಿನ ಶೂಮಾಕರ್ ಪ್ರತಿಸ್ಪರ್ಧಿಗಳು. ಆದರೂ ಹೊದಿಕೆ ತೆಗೆದರೆ ಇವರ ಬೆಲ್ಟ್ ಕಾರುಗಳು ಅಣ್ಣತಮ್ಮಂದಿರಂತೆ: ಕಾರ್ಬನ್ ಫೈಬರ್ ತಳಹಲಗೆ, ಮೇಲೊಂದು ಕಿರಿದಾದ ಹಲಗೆ, ಚಕ್ರಗಳಿಗೆ ಶಕ್ತಿ ಒಯ್ಯುವ ಎರಡು ಬೆಲ್ಟು, ಒಂದು ಬದಿಗೆ ಮೋಟಾರು, ಇನ್ನೊಂದು ಬದಿಗೆ ಬ್ಯಾಟರಿ. ಇದನ್ನು ಬರೀ ನಕಲು ಎನ್ನುವುದು ಅವಸರದ ತೀರ್ಪು. ಅಗಲ 190 ಮಿ.ಮೀ. ದಾಟಬಾರದು, ತೂಕ ಇಷ್ಟಕ್ಕಿಂತ ಕಡಿಮೆಯಿರಬಾರದು ಎಂದು ಸ್ಪರ್ಧೆಯ ನಿಯಮವೇ ವಿನ್ಯಾಸಕಾರನ ಕೈ ಕಟ್ಟುತ್ತದೆ. ಭಾರದ ಭಾಗಗಳು ನಡುಗೆರೆಯ ಎರಡೂ ಪಕ್ಕ ಸರಿತೂಗಿ, ನೆಲಕ್ಕೆ ಹತ್ತಿರ ಕೂರದಿದ್ದರೆ ತಿರುವಿನಲ್ಲಿ ಕಾರು ವಾಲುತ್ತದೆ.

ಬೇರೆ ದಾರಿಯೇ ಇರಲಿಲ್ಲವೇ? ಇತ್ತು. ತಮಿಯಾದ್ದೇ ಟಿಬಿ ಸರಣಿ ಬೆಲ್ಟಿನ ಬದಲು ಶಾಫ್ಟ್ ಬಳಸಿತು. ಆದರೆ ಉದ್ದಕ್ಕೆ ಮಲಗಿದ ಶಾಫ್ಟ್ ವೇಗ ಏರುವಾಗ ಕಾರನ್ನು ಒಂದು ಪಕ್ಕಕ್ಕೆ ತಿರುಚುತ್ತದೆ, ಅಡ್ಡ ಅಚ್ಚುಗಳ ಮೇಲೆ ಸುತ್ತುವ ಬೆಲ್ಟಿಗೆ ಆ ದೋಷವಿಲ್ಲ. ಆಸಮ್ಯಾಟಿಕ್ಸ್ ಎಂಬ ಇನ್ನೊಂದು ಕಂಪನಿ ನೀಳ ಶಾಕ್‌ಗಳನ್ನು ಬಿಟ್ಟು ತಿರುಗುವ ಡ್ಯಾಂಪರ್ ಇಟ್ಟಿದ್ದು ನಿಜವಾದ ಸ್ವಂತಿಕೆ. ನಕಲು ಇಲ್ಲವೆಂದಲ್ಲ: ಗೆದ್ದ ಕಾರಿನ ಬಿಡಿಭಾಗ ಅಂಗಡಿಯಲ್ಲೇ ಸಿಗುವಾಗ ಅಳತೆ ತೆಗೆಯುವುದೇನು ಕಷ್ಟ! ಹೊರಮೈಯ ಸಾಮ್ಯಕ್ಕಂತೂ ಕಾರಿನ ತಯಾರಕರನ್ನು ದೂರುವಂತಿಲ್ಲ. ಪಾಲಿಕಾರ್ಬನೇಟ್ ಹೊದಿಕೆಯನ್ನು ಸ್ಪರ್ಧಿಗಳು ಹೆಚ್ಚಾಗಿ ಪ್ರೊಟೊಫಾರ್ಮ್‌ನಂಥ ಬೇರೆ ಕಂಪನಿಗಳಿಂದಲೇ ಕೊಳ್ಳುತ್ತಾರೆ.